ನಾಲ್ಕನೇ ಸುತ್ತು

ನವೋತಾಸಿನಲ್ಲಿ ಉಬ್ಬರದ ನೀರು ಅಂಗಡಿಯ ಹೊಸ್ತಿಲು ದಾಟಿದರೆ
ನಾವು ಕಾಲು ಮೇಲೆಳೆದುಕೊಂಡು ಬೆಂಚಿನ ಮೇಲೆ ಕೂರುತ್ತೇವೆ.
ಮಾತು ನಿಲ್ಲಿಸುವುದಿಲ್ಲ.
ಭಾನುವಾರ ಡ್ರಾಫ್ಟು. ಇನ್ನು ಮೂರೇ ದಿನ.
ನಮ್ಮದು ಸಾರ್ಡೀನ್ ಡಬ್ಬಿ ಕಂಪನಿಯ ತಂಡ,
ಹೋದ ಸಲ ಹನ್ನೊಂದರಲ್ಲಿ ಒಂಬತ್ತು ಸೋತದ್ದು.
ಸೋತವರಿಗೂ ಒಂದು ಪುಣ್ಯವಿದೆ ಈ ಆಟದಲ್ಲಿ:
ಆರಿಸುವ ಎರಡನೇ ಸರದಿ ನಮಗೆ.

ಬೆರಳಿಗಂಟಿದ ಪಂಕ್ಚರ್ ಅಂಟು ಉಜ್ಜುತ್ತ ನಾನಂದೆ:
ಉದ್ದದವನು ಬೇಕು. ಕ್ಯಾಲಿಫೋರ್ನಿಯಾದಲ್ಲಿ ಬೆಳೆದವನಿದ್ದಾನಲ್ಲ,
ತಾಯಿ ಇಲೊಯಿಲೊ ಕಡೆಯ ನರ್ಸು,
ಆರಡಿ ಒಂಬತ್ತಂಗುಲ, ನಿಂತಲ್ಲೇ ಬಳೆ ಮುಟ್ಟುತ್ತಾನೆ.
"ಅವನ ಮೊಣಕಾಲು?" ಅಂದ ಜೀಪ್ನಿ ಓಡಿಸುವ ತೆಬಾನ್,
ಎಕ್ಸ್-ರೇ ತಾನೇ ತೆಗೆದವನ ಹಾಗೆ.
"ಮೂಳೆಯಲ್ಲ ಅದು, ಚಹಾದಲ್ಲಿ ಅದ್ದಿದ ಬಿಸ್ಕತ್ತು.
ಸೆಬುವಿನ ಆ ಕುಳ್ಳನನ್ನು ತರಲಿ,
ಅವನಿಗೆ ಬೆನ್ನಲ್ಲೂ ಕಣ್ಣು."
ಕುಳ್ಳರಿಗೇನು ಬರವೇ ನಮಗೆ?
ಈ ಬೆಂಚಿನ ಮೇಲೇ ನಾಲ್ವರಿದ್ದೇವೆ!

ಮೀನಿನ ಪೆಟ್ಟಿಗೆಗೆ ಐಸು ತುಂಬುವ ಇಸ್ಕೊ
ಹಳೇ ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆದ,
ಅಳಿಸಿದ, ಮತ್ತೆ ಬರೆದ.
ಮೊದಲ ಸರದಿಯ ಸಿಮೆಂಟ್ ಕಂಪನಿ ಯಾರನ್ನೆತ್ತುತ್ತದೆ,
ಅವರು ಇವನನ್ನೆತ್ತಿದರೆ ನಮಗುಳಿಯುವವನು ಯಾರು,
ಉಳಿದವನನ್ನು ಕೊಟ್ಟು ಇಬ್ಬರನ್ನು ತರಬಹುದೇ.
ವರನ ಕಡೆಯವರೂ ನಾವೇ, ವಧುವಿನ ಕಡೆಯವರೂ ನಾವೇ,
ಮದುವೆಗೆ ನಮ್ಮನ್ನು ಕರೆದವರು ಮಾತ್ರ ಯಾರೂ ಇಲ್ಲ.
ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರೆ;
ನಾವು ಕುಲಾವಿಯ ಮೇಲೆ ನಂಬರನ್ನೂ ಹೊಲಿಸಿದ್ದೆವು,
ಹದಿನೇಳು.

ಒಂದು ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ.
ಎಪ್ಪತ್ಮೂರು ಹುಡುಗರ ಪಟ್ಟಿಯಲ್ಲಿ ಅರವತ್ತೊಂದನೆಯದು:
ಸುಮಗಾಯ್ಸಾಯ್, ರೊಮೆಲ್.
ನಮ್ಮ ಓಣಿಯವನು. ಕರೆಂಟು ಕಂಬಕ್ಕೆ ನಾನೇ ಬಡಿದ
ಬಸ್ಸಿನ ಚಕ್ರದ ಬಳೆಗೆ ಗುರಿಯಿಟ್ಟು ಬೆಳೆದವನು.
ಮೊಣಕಾಲುದ್ದ ನೀರಲ್ಲಿ ಚೆಂಡು ಪುಟಿಯುವುದಿಲ್ಲ ನೋಡಿ,
ಹಾಗಾಗಿ ಕೈಗೆ ಬಂದದ್ದನ್ನು ಬಂದ ಗಳಿಗೆಯಲ್ಲೇ
ಎಸೆಯುವುದನ್ನು ಕಲಿತ.
ಕಾಲೇಜಿನ ಕೋಚು ಕೇಳಿದನಂತೆ,
ಇಷ್ಟು ಅವಸರ ಎಲ್ಲಿಂದ ಬಂತೋ ನಿನಗೆ?
ಸಮುದ್ರದಿಂದ ಅಂದನಂತೆ ಹುಡುಗ. ಕೋಚಿಗೆ ಅರ್ಥವಾಗಲಿಲ್ಲ.

ಹೆಸರು ಬಾಯಿಗೆ ಬಂದರೆ ದೃಷ್ಟಿ ತಾಗೀತು.
ತೆಬಾನ್ ಸುಮ್ಮನೆ ಮೂರು ಸಲ ಬೆಂಚಿನ ಮರ ತಟ್ಟಿದ.

ಅವನ ತಾಯಿ ಪಾಸಿಂಗ್ ನನ್ನ ಅಂಗಡಿಯ ಪಕ್ಕದಲ್ಲೇ
ಗಾಡಿಯಿಟ್ಟು ಮೀನುಂಡೆ ಕರಿಯುತ್ತಾಳೆ.
ಅಷ್ಟು ಹೊತ್ತೂ ಬಾಣಲೆಯ ಕಡೆಗೇ ಮುಖ,
ಆಮೇಲೆ ನಮ್ಮತ್ತ ತಿರುಗದೆಯೇ ಕೇಳಿದಳು:
"ಎಷ್ಟು ಸುತ್ತು ಇರುತ್ತೆ ಅದು?"

ನಾಲ್ಕು, ಅಂದೆ. ಒಮ್ಮೊಮ್ಮೆ ಐದು.
ಬೇಕಾದವರು ಸಿಕ್ಕ ಮೇಲೆ ಒಂದೊಂದೇ ತಂಡ
ಸಾಕು ಅಂದು ಎದ್ದುಹೋಗುತ್ತದೆ.
"ಎಲ್ಲರೂ ಎದ್ದುಹೋದ ಮೇಲೆ?"
ಕುರ್ಚಿ ಮಡಚುವವರು ಬರುತ್ತಾರೆ, ಅಂದುಬಿಟ್ಟ ಇಸ್ಕೊ.
ಅವನ ಪಕ್ಕೆಗೆ ತಿವಿದೆ. ತಡವಾಗಿತ್ತು.

"ಕುರ್ಚಿ ಮಡಚುವ ತನಕ ಕೂರುತ್ತೇವೆ ಬಿಡು.
ಕೋಟು ಬಾಡಿಗೆಗೆ ತಂದದ್ದು, ಸೋಮವಾರ ಕೊಟ್ಟರಾಯ್ತು.
ತೋಳು ಗಿಡ್ಡವಾಗಿದೆ ಅವನಿಗೆ,
ಕೈ ಮಡಿಲಲ್ಲಿಟ್ಟುಕೊಂಡು ಕೂತರೆ ಕಾಣಿಸೋದಿಲ್ಲ."

ಇಸ್ಕೊ ಟೈರಿನ ಒಳಮೈಯಲ್ಲಿ ಏನನ್ನೋ ಬರೆದ.
ನಾವು ಇಣುಕಲಿಲ್ಲ.
ಇಪ್ಪತ್ತೆರಡು ವರ್ಷದಿಂದ ಈ ತಂಡ ಗೆಲ್ಲಲಿ ಎಂದು
ಕ್ವಿಯಾಪೋದಲ್ಲಿ ಮೇಣದಬತ್ತಿ ಹಚ್ಚಿದವನು ನಾನು.
ಈ ಸಲ ಕಪ್ಪು ಯಾರಿಗಾದರೂ ಹೋಗಲಿ,
ಆ ಉದ್ದದವನೂ ಸಿಮೆಂಟಿನವರ ಪಾಲಾಗಲಿ.
ನಾಲ್ಕನೇ ಸುತ್ತಿನಲ್ಲಿ, ಮೈಕು ಗೊರಗೊರ ಅನ್ನುತ್ತಿರುವಾಗ,
ನಮ್ಮ ಮೇಜಿನವನೊಬ್ಬ ಎದ್ದುಹೋಗಲು ಮರೆತು
ಇನ್ನೂ ಕೂತಿದ್ದರೆ ಸಾಕು.

ಎರಡು ಕಡ್ಡಿ ಮೀನುಂಡೆ ಕೊಟ್ಟಳು, ದುಡ್ಡು ತಗೊಳ್ಳಲಿಲ್ಲ.
ನೀರು ಬೆಂಚಿನ ಕಾಲಿನ ಎರಡನೇ ಮೊಳೆ ಮುಟ್ಟಿತ್ತು.
"ಏನೇ ಅನ್ನು," ತೆಬಾನ್ ಮತ್ತೆ ಶುರುಮಾಡಿದ,
ಬೇಕೆಂದೇ ಸ್ವಲ್ಪ ಜೋರಾಗಿ,
"ಸೆಬುವಿನ ಕುಳ್ಳನೇ ಸರಿ."